ಅಂತರ್ಜಾಲವಿಲ್ಲದೆ ವಿಶ್ವಕೋಶ: ಝಿಮ್ ಕಡತಗಳ ಜೋಡಣೆ

ಮಳೆಗಾಲದಲ್ಲಿ ಮರ ಉರುಳಿದರೆ ಕಾರ್ಕಳದ ಘಟ್ಟದಂಚಿನ ಊರುಗಳಲ್ಲಿ ಅಂತರ್ಜಾಲ ಸಂಪರ್ಕ ಕಡಿದುಹೋಗುವುದುಂಟು. ಅಂತಹ ಊರಿನ ಶಾಲೆಗೂ ವಿಕಿಪೀಡಿಯವನ್ನು ಒದಗಿಸಬಲ್ಲ ಉಚಿತ ತಂತ್ರಾಂಶ ಕಿವಿಕ್ಸ್. ಉಡುಪಿಯಲ್ಲೋ ಮಣಿಪಾಲದಲ್ಲೋ ಕಡತವನ್ನು ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಒಯ್ದರಾಯಿತು.

ಒಂದು ಭಾಷೆಯ ಲೇಖನಗಳೆಲ್ಲವೂ ಸಂಕುಚಿತಗೊಂಡು 'ಝಿಮ್' ಎಂಬ ಒಂದೇ ಕಡತದಲ್ಲಿ ಅಡಕವಾಗಿರುತ್ತವೆ. ಕಡತದ ಹೆಸರೇ ಅದರ ಜಾತಕ: ಭಾಷೆ (ಕನ್ನಡಕ್ಕೆ 'ಕೆಎನ್', ತುಳುವಿಗೆ 'ಟಿಸಿವೈ'), ಬಗೆ, ಸಿದ್ಧಗೊಂಡ ವರ್ಷ ಮತ್ತು ತಿಂಗಳು. 'ಮಿನಿ'ಯಲ್ಲಿ ಲೇಖನಗಳ ಪೀಠಿಕೆ ಮಾತ್ರ; 'ನೋಪಿಕ್'ನಲ್ಲಿ ಚಿತ್ರಗಳಿಲ್ಲದ ಪೂರ್ಣ ಪಠ್ಯ; 'ಮ್ಯಾಕ್ಸಿ'ಯಲ್ಲಿ ಚಿತ್ರಗಳೂ ಇರುತ್ತವೆ. ಆದುದರಿಂದ ಹೆಸರನ್ನು ಬದಲಿಸದಿರುವುದೇ ಲೇಸು. ಎಲ್ಲ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಅದನ್ನು ಕಿವಿಕ್ಸ್‌ಗೆ ತೋರಿಸಬೇಕು.

ಹಲವರು ಎಡವುವುದು ಪೆನ್ ಡ್ರೈವಿನಲ್ಲಿ. ಫ್ಯಾಟ್-32 ಮಾದರಿಯ ಡ್ರೈವಿನಲ್ಲಿ ಸ್ಥಳವೆಷ್ಟೇ ಇದ್ದರೂ 4 ಜಿಬಿಗಿಂತ ದೊಡ್ಡ ಕಡತ ಕೂರದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಈ ತೊಡಕಿಲ್ಲ. ಆದರೆ ಹಾಗೆ ಮಾಡುವಾಗ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಪ್ರತಿ ತೆಗೆದಿಡಿ.

ಕಡತದ ತಿಂಗಳನ್ನು ಅಲಕ್ಷಿಸಬಾರದು. ಉಡುಪಿ ಜಿಲ್ಲೆ 1997ರಲ್ಲಿ ರಚನೆಯಾದಾಗ ಇದ್ದುದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. ಕಾಪು ತಾಲೂಕಾದದ್ದು ಅನಂತರ. ಅದಕ್ಕೂ ಹಿಂದಿನ ಕಡತವನ್ನು ತೆರೆದ ವಿದ್ಯಾರ್ಥಿಗೆ ಕಾಪು ತಾಲೂಕು ಸಿಗುವುದೇ ಇಲ್ಲ. ಪರದೆಯ ಮೇಲಿರುವುದು ಹಳೆಯ ಮಾಹಿತಿಯೆಂದು ಅವನಿಗೆ ಹೇಳುವವರಾದರೂ ಯಾರು? ಝಿಮ್ ಕಡತ ತಾನಾಗಿ ಪರಿಷ್ಕರಣೆಗೊಳ್ಳುವುದಿಲ್ಲ. ಹೊಸ ಆವೃತ್ತಿಯನ್ನು ಪೂರ್ತಿಯಾಗಿ ತರಬೇಕು. ಅದು ಸರಿಯಾಗಿ ತೆರೆದುಕೊಳ್ಳುವುದನ್ನು ಪರೀಕ್ಷಿಸಿದ ಬಳಿಕವೇ ಹಳೆಯದನ್ನು ಅಳಿಸಿ.