ಮೂಲೆ ದುಂಡಗಾದ ಕಥೆ

ಹೋದ ತಿಂಗಳು ನನ್ನ ದೊಡ್ಡಪ್ಪನ ಮಗ ಒಂದು ಸಿಡಿ ಕಳಿಸಿದ. ತೀರ್ಥಹಳ್ಳಿ ಕಡೆಯ ನಮ್ಮೂರ ಶಾಲೆಯ ಹಳೆ ವಿದ್ಯಾರ್ಥಿಗಳಿಗಾಗಿ ಅಣ್ಣ 2005ರಲ್ಲಿ ಒಂದು ವೆಬ್‌ಸೈಟ್ ಮಾಡಿದ್ದ. ಆಗ ಅವನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ನಾನು ಎರಡನೇ ಕ್ಲಾಸು. ಆ ಸೈಟ್ ಯಾವತ್ತೋ ಕಣ್ಮುಚ್ಚಿತ್ತು. ಈಗ ಶಾಲೆಯ ವಾರ್ಷಿಕೋತ್ಸವಕ್ಕೆ ಅದಕ್ಕೆ ಮತ್ತೆ ಜೀವ ಕೊಡಬೇಕಂತೆ. "ನೀನು ಸಾಫ್ಟ್‌ವೇರ್‌ನವನಲ್ವೇನೋ, ಒಂದು ಭಾನುವಾರದ ಕೆಲಸ" ಅಂದ. ಸಿಡಿ ಓದುವ ಡ್ರೈವ್ ಹುಡುಕೋದಕ್ಕೇ ಒಂದು ಭಾನುವಾರ ಹೋಯಿತು ಅನ್ನೋದು ಬೇರೆ ಮಾತು.

ಫೋಲ್ಡರ್ ತೆಗೆದರೆ ಹದಿನಾರು ಪುಟ್ಟ ಪುಟ್ಟ ಚಿತ್ರಗಳು. ಒಂದೊಂದೂ ಹನ್ನೆರಡು ಪಿಕ್ಸೆಲ್ ಅಗಲ, ಹನ್ನೆರಡು ಎತ್ತರ. ಹೆಸರುಗಳು: ಎಡಮೇಲೆ, ಬಲಮೇಲೆ, ಎಡಕೆಳಗೆ, ಬಲಕೆಳಗೆ. ಮತ್ತೆ ಎಡಮೇಲೆ2, ಬಲಮೇಲೆ2... ಹೀಗೆ ನಾಲ್ಕು ಜೊತೆ. ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಇವು ಮೂಲೆಗಳು! ಪುಟದಲ್ಲಿದ್ದ ನೀಲಿ ಪೆಟ್ಟಿಗೆಗಳ ಮೂಲೆ ದುಂಡಗೆ ಕಾಣಲಿ ಅಂತ ಪುಣ್ಯಾತ್ಮ ಒಂದೊಂದು ಮೂಲೆಯನ್ನೂ ಬಿಡಿಸಿ, ಕತ್ತರಿಸಿ, ಅಂಟಿಸಿದ್ದ.

ನಾನು ಜೋರಾಗಿ ನಕ್ಕೆ, ಸುಳ್ಳು ಹೇಳಲ್ಲ. ಇವತ್ತು ಇದು ಬಾರ್ಡರ್-ರೇಡಿಯಸ್ ಅನ್ನೋ ಒಂದು ಸಾಲಿನ ಕೆಲಸ. ಹದಿನಾರೂ ಚಿತ್ರ ಅಳಿಸಿ, ಆ ಒಂದು ಸಾಲು ಬರೆದು ಎದ್ದೆ. ರಾತ್ರಿ ಮಲಗಿದಾಗ ತಲೆಯಲ್ಲಿ ಹುಳ. ಅಣ್ಣ ದಡ್ಡನಲ್ಲ, ನನಗೆ ಮೊದಲು ಪ್ರೋಗ್ರಾಮಿಂಗ್ ಹೇಳಿಕೊಟ್ಟವನೇ ಅವನು. ಹಾಗಾದ್ರೆ ಯಾಕೆ ಇಷ್ಟು ಕಷ್ಟಪಟ್ಟ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ಕಥೆ ವೆಬ್‌ಗಿಂತ ಹಳೆಯದು. 1981ರಲ್ಲಿ ಆಪಲ್ ಕಂಪನಿಯಲ್ಲಿ ಬಿಲ್ ಅಟ್ಕಿನ್ಸನ್ ಅನ್ನುವವರು ತೆರೆಯ ಮೇಲೆ ಚಿತ್ರ ಬಿಡಿಸುವ ತಂತ್ರಾಂಶ ಬರೆಯುತ್ತಿದ್ದರು. ಮುಂದೆ ಅದಕ್ಕೆ ಕ್ವಿಕ್‌ಡ್ರಾ ಅಂತ ಹೆಸರಾಯಿತು. ವೃತ್ತ ಬಿಡಿಸೋಕೆ ವರ್ಗಮೂಲ ಬೇಕು. ಆದರೆ ಅವರ ಕೈಲಿದ್ದ 68000 ಪ್ರೊಸೆಸರ್‌ಗೆ ದಶಮಾಂಶದ ಲೆಕ್ಕವೇ ಬಾರದು. ಅಟ್ಕಿನ್ಸನ್ ಹೈಸ್ಕೂಲ್ ಗಣಿತದ ಒಂದು ಉಪಾಯ ಹಿಡಿದರು: ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡುತ್ತಾ ಹೋದರೆ ವರ್ಗಸಂಖ್ಯೆಗಳು ಸಿಗುತ್ತವೆ. 1+3 ನಾಲ್ಕು, 1+3+5 ಒಂಬತ್ತು, 1+3+5+7 ಹದಿನಾರು. ಬರೀ ಕೂಡುತ್ತಲೇ ವೃತ್ತ ಬಂತು, ಅದೂ ಮಿಂಚಿನ ವೇಗದಲ್ಲಿ.

ಎಲ್ಲರೂ ಚಪ್ಪಾಳೆ ತಟ್ಟಿದರೆ ಸ್ಟೀವ್ ಜಾಬ್ಸ್ ಮಾತ್ರ, ಮೂಲೆ ದುಂಡಗಿರುವ ಚೌಕ ಬರುತ್ತಾ ಅಂತ ಕೇಳಿದರಂತೆ. ಅದು ಕಷ್ಟ, ಅದರ ಅಗತ್ಯವೂ ಇಲ್ಲ ಅಂದರು ಅಟ್ಕಿನ್ಸನ್. ಜಾಬ್ಸ್ ಬಿಡಲಿಲ್ಲ. ಈ ಕೋಣೆಯಲ್ಲೇ ನೋಡು ಅಂತ ಬೋರ್ಡು, ಮೇಜು ತೋರಿಸಿ, ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಬೀದಿಯಲ್ಲಿ ಕಂಡದ್ದನ್ನೆಲ್ಲ ತೋರಿಸಿದರು. ಮೂರು ಬೀದಿ ದಾಟುವಷ್ಟರಲ್ಲಿ ಹದಿನೇಳು ಉದಾಹರಣೆ. ಕೊನೆಗೆ 'ನೋ ಪಾರ್ಕಿಂಗ್' ಫಲಕದ ಮುಂದೆ ನಿಂತಾಗ ಅಟ್ಕಿನ್ಸನ್ ಸೋತೆ ಅಂದರಂತೆ. ಮಾರನೇ ದಿನ ಮಧ್ಯಾಹ್ನ ದುಂಡು ಮೂಲೆಯ ಚೌಕಗಳು ತೆರೆಯ ಮೇಲೆ ಸರಸರ ಮೂಡುತ್ತಿದ್ದವು. ಇದನ್ನೆಲ್ಲ ಅದೇ ತಂಡದ ಆಂಡಿ ಹರ್ಟ್ಜ್‌ಫೆಲ್ಡ್ ಬರೆದಿಟ್ಟಿದ್ದಾರೆ. 1984ರ ಮ್ಯಾಕಿಂಟಾಶ್‌ನಲ್ಲಿ ಬಟನ್ನುಗಳು ದುಂಡು ಮೂಲೆಯವಾಗಿದ್ದದ್ದು ಈ ವಾಕಿಂಗ್‌ನ ಫಲ. (ಅಟ್ಕಿನ್ಸನ್ 2025ರ ಜೂನ್‌ನಲ್ಲಿ ತೀರಿಕೊಂಡರು.)

ಇಷ್ಟಾದ ಮೇಲೂ ವೆಬ್ ಮತ್ತೆ ಚೌಕದಿಂದಲೇ ಶುರುವಾಯಿತು ನೋಡಿ! ಹೋಕನ್ ವಿಯುಮ್ ಲೀ ಮತ್ತು ಬರ್ಟ್ ಬಾಸ್ ರೂಪಿಸಿದ ಸಿಎಸ್ಎಸ್ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಬಂತು. ಬಣ್ಣ ಇತ್ತು, ಅಂಚು ಇತ್ತು, ಅಂಚಿನ ದಪ್ಪ ಇತ್ತು. ಮೂಲೆಯ ಮಾತೇ ಇಲ್ಲ. ವಿನ್ಯಾಸಕಾರರು ಸುಮ್ಮನಿರುತ್ತಾರಾ? ಅಂಕಿಅಂಶ ಬರೆಯೋಕೆ ಅಂತ ಕೊಟ್ಟಿದ್ದ ಟೇಬಲ್ಲನ್ನೇ ಹಿಡಿದರು. ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಮನೆ. ನಾಲ್ಕು ಮೂಲೆಮನೆಗೆ ನಾಲ್ಕು ದುಂಡು ಚಿತ್ರ, ಅಂಚಿನ ಮನೆಗಳಿಗೆ ಬಣ್ಣ, ನಡುಮನೆಯಲ್ಲಿ ಬರಹ. ಅಣ್ಣ ಮಾಡಿದ್ದೂ ಇದನ್ನೇ.

ಕೇಳೋಕೆ ಸುಲಭ. ಇನ್ನು ಮುಂದಿನದು ಸ್ವಲ್ಪ ತಾಂತ್ರಿಕ, ಬೇಜಾರಾದರೆ ಒಂದು ಪ್ಯಾರಾ ಹಾರಿಕೊಂಡು ಹೋಗಿ.

ಜಿಫ್ ಚಿತ್ರದಲ್ಲಿ ಒಂದು ಪಿಕ್ಸೆಲ್ ಪೂರ್ತಿ ಪಾರದರ್ಶಕ ಅಥವಾ ಪೂರ್ತಿ ಬಣ್ಣ, ಅರೆಬರೆ ಅನ್ನೋದಿಲ್ಲ. ಹಾಗಾಗಿ ವಕ್ರರೇಖೆ ಗರಗಸದ ಹಲ್ಲಿನಂತೆ ಕಾಣಬಾರದು ಅಂದರೆ ಅಂಚಿನ ಪಿಕ್ಸೆಲ್‌ಗಳಿಗೆ ಹಿನ್ನೆಲೆಯ ಬಣ್ಣವನ್ನು ಮೊದಲೇ ಬೆರೆಸಿಡಬೇಕು. ಬಿಳಿ ಹಿನ್ನೆಲೆಗೆ ಮಾಡಿದ ಮೂಲೆಯನ್ನು ಬೂದು ಹಿನ್ನೆಲೆ ಮೇಲಿಟ್ಟರೆ ಸುತ್ತ ಬಿಳಿ ಕಲೆ. ಅದಕ್ಕೇ ಅಣ್ಣನ ಫೋಲ್ಡರಿನಲ್ಲಿ ನಾಲ್ಕು ಜೊತೆ! ಪಿಎನ್‌ಜಿ ಚಿತ್ರದಲ್ಲಿ ಅರೆ ಪಾರದರ್ಶಕತೆ ಇತ್ತು, ಆದರೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅದನ್ನು ಸರಿಯಾಗಿ ತೋರಿಸುತ್ತಿರಲಿಲ್ಲ, ಮತ್ತು ಬ್ರೌಸಿಂಗ್ ಸೆಂಟರಿನಲ್ಲಿ ಇದ್ದದ್ದು ಅದೇ. ಇನ್ನೊಂದು ಕಾಟ, ಚಿತ್ರದ ಕೆಳಗೆ ಎಲ್ಲಿಂದಲೋ ಬರುವ ಒಂದು ಗೆರೆಯಷ್ಟು ಖಾಲಿ ಜಾಗ. ಬ್ರೌಸರ್ ಚಿತ್ರವನ್ನು ಅಕ್ಷರದಂತೆಯೇ ಸಾಲಿನ ಮೇಲೆ ಕೂರಿಸಿ, ಕೆಳಗೆ ಇಳಿಯುವ ಅಕ್ಷರಗಳ ಬಾಲಕ್ಕೆ ಅಂತ ಜಾಗ ಬಿಡುತ್ತದೆ. ಬಾಲವಿಲ್ಲದ ಕಡೆಯೂ ಬಾಲಕ್ಕೆ ಜಾಗ!

ಇದು ಸಾಕಾಗಿ 2003ರ ಹೊತ್ತಿಗೆ ಟೇಬಲ್ ಬಿಟ್ಟು ಸಿಎಸ್ಎಸ್‌ನಲ್ಲೇ ಸಾಧಿಸೋಣ ಅನ್ನೋ ಹುಮ್ಮಸ್ಸು ಬಂತು. ಆ ವರ್ಷ 'ಎ ಲಿಸ್ಟ್ ಅಪಾರ್ಟ್' ಪತ್ರಿಕೆಯಲ್ಲಿ ಡಗ್ಲಾಸ್ ಬೌಮನ್ 'ಸ್ಲೈಡಿಂಗ್ ಡೋರ್ಸ್' ಅನ್ನೋ ಲೇಖನ ಬರೆದರು. ಎರಡು ಚಿತ್ರಗಳನ್ನು ಜಾರುಬಾಗಿಲಿನಂತೆ ಒಂದರ ಮೇಲೊಂದು ಸರಿಯಲು ಬಿಟ್ಟರೆ, ಬರಹ ಎಷ್ಟೇ ಉದ್ದವಾದರೂ ಎರಡೂ ಮೂಲೆ ಸರಿಯಾಗಿ ಕೂರುತ್ತವೆ. ನನ್ನ ಲೆಕ್ಕದಲ್ಲಿ ಇದು ಇಡೀ ಕಥೆಯಲ್ಲೇ ಅತಿ ಜಾಣತನದ ಉಪಾಯ. ಆದರೆ ಆಗ ಒಂದು ಪೆಟ್ಟಿಗೆಗೆ ಒಂದೇ ಹಿನ್ನೆಲೆ ಚಿತ್ರ. ನಾಲ್ಕು ಮೂಲೆ ಬೇಕಂದ್ರೆ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಡಬ್ಬಿ.

ಇದೇ ಬೌಮನ್ 2004ರಲ್ಲಿ ಬ್ಲಾಗರ್‌ಗೆ ಮಾಡಿಕೊಟ್ಟ ಟೆಂಪ್ಲೇಟುಗಳಲ್ಲಿ ಒಂದರ ಹೆಸರೇ 'ರೌಂಡರ್ಸ್'. ಹಳೆಯ ಕನ್ನಡ ಬ್ಲಾಗುಗಳನ್ನು ಓದಿದವರಿಗೆ ಅದರ ಮುಖ ನೆನಪಿರಬಹುದು. ಅಲ್ಲಿ ಪುಟದ ಅಗಲವನ್ನೇ ಗಟ್ಟಿ ಮಾಡಿ, ಮೇಲೆ ಒಂದು ಟೋಪಿ, ಕೆಳಗೆ ಒಂದು ಚಪ್ಪಲಿ ಹಾಕಿದ ಹಾಗೆ ಎರಡು ಚಿತ್ರದಲ್ಲೇ ನಾಲ್ಕು ಮೂಲೆ ಮುಗಿಸಿದ್ದರು. ನಮ್ಮ ದುಂಡು ಅಕ್ಷರಗಳಿಗೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು!

2005ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ಫುಲ್ಚಿನೀತಿ 'ನಿಫ್ಟಿ ಕಾರ್ನರ್ಸ್' ತಂದರು. ಚಿತ್ರವೇ ಬೇಡ. ಪೆಟ್ಟಿಗೆಯ ತಲೆಯ ಮೇಲೆ ತೆಳು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಮೇಲಿನದು ಗಿಡ್ಡ, ಕೆಳಗಿನದು ಉದ್ದ ಮಾಡಿದರೆ ದೂರದಿಂದ ದುಂಡಗೆ ಕಾಣುತ್ತದೆ. ಆ ಪಟ್ಟಿಗಳನ್ನು ಜಾವಾಸ್ಕ್ರಿಪ್ಟ್ ತಾನೇ ತುರುಕುತ್ತಿತ್ತು. ಅಟ್ಕಿನ್ಸನ್ ಕೂಡ ತೆರೆಯ ಮೇಲೆ ಅಡ್ಡಗೆರೆಗಳನ್ನೇ ಜೋಡಿಸಿ ದುಂಡು ತಂದದ್ದು. ಇಪ್ಪತ್ತನಾಲ್ಕು ವರ್ಷ ಕಳೆದು ಅದೇ ಲೆಕ್ಕ ವೆಬ್ ಪುಟದೊಳಗೆ ಬಂದು ಕೂತಿತ್ತು.

ಹೊಟ್ಟೆ ಉರಿಯೋ ವಿಷಯ ಅಂದರೆ ಔಷಧಿ ಅಷ್ಟೊತ್ತಿಗೆ ಅಂಗಡಿಯಲ್ಲಿತ್ತು. ಬಾರ್ಡರ್-ರೇಡಿಯಸ್ 2002ರ ಸಿಎಸ್ಎಸ್3 ಕರಡಿನಲ್ಲೇ ಇದೆ. 2004ರ ಫೈರ್‌ಫಾಕ್ಸ್ 1.0 'ಮೋಜ್' ಅನ್ನೋ ಪೂರ್ವಪ್ರತ್ಯಯದ ಜೊತೆ ಅದನ್ನು ಮಾಡುತ್ತಿತ್ತು, ಅಂಚು ಒರಟಾಗಿದ್ದರೂ. ಆಮೇಲೆ ಸಫಾರಿ 'ವೆಬ್‌ಕಿಟ್' ಅಂತ ಇನ್ನೊಂದು ಪೂರ್ವಪ್ರತ್ಯಯ ತಂದಿತು. ಮೇಲಿನ ಎಡಮೂಲೆಯೊಂದಕ್ಕೇ ಇಬ್ಬರೂ ಬೇರೆ ಬೇರೆ ಹೆಸರಿಟ್ಟರು. ಎರಡು ಅಳತೆ ಕೊಟ್ಟರೆ ಒಬ್ಬರದು ಎರಡು ಜೊತೆ ಮೂಲೆಗಳಿಗೆ, ಇನ್ನೊಬ್ಬರದು ಒಂದೇ ಮೂಲೆಯ ಅಡ್ಡ ಮತ್ತು ಉದ್ದಕ್ಕೆ! ಎಕ್ಸ್‌ಪ್ಲೋರರ್ ಮಾತ್ರ 7 ಆಯಿತು, 8 ಆಯಿತು, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. 2011ರ ಮಾರ್ಚ್‌ನಲ್ಲಿ ಬಂದ 9ನೇ ಆವೃತ್ತಿಗೆ ದುಂಡು ಮೂಲೆ ಬಂತು. ಅದೇ ತಿಂಗಳು ಫೈರ್‌ಫಾಕ್ಸ್ 4 ಪೂರ್ವಪ್ರತ್ಯಯ ಇಲ್ಲದ ಹೆಸರನ್ನು ಒಪ್ಪಿತು. ಕರಡಿನಿಂದ ಇಲ್ಲಿಗೆ ಒಂಬತ್ತು ವರ್ಷ.

ಎಲ್ಲರಿಗೂ ಸಿಕ್ಕಿತು ಅನ್ನುವಷ್ಟರಲ್ಲಿ ಫ್ಯಾಷನ್ನೇ ಬದಲಾಯಿತು. 2012ರ ವಿಂಡೋಸ್ 8ರಲ್ಲಿ ಮೂಲೆಗಳೆಲ್ಲ ಚಾಕುವಿನಂತೆ ಚೂಪು. 2021ರ ವಿಂಡೋಸ್ 11ರಲ್ಲಿ ಮತ್ತೆ ದುಂಡು. 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 139ರಲ್ಲಿ 'ಕಾರ್ನರ್-ಶೇಪ್' ಅನ್ನೋ ಹೊಸ ಗುಣ ಸೇರಿದೆ. ಮೂಲೆಯನ್ನು ಒಳಗೆ ಕೊರೆಯಬಹುದು, ಓರೆಯಾಗಿ ಕತ್ತರಿಸಬಹುದು, ವೃತ್ತಕ್ಕೂ ಚೌಕಕ್ಕೂ ನಡುವಿನ ಆಕಾರವನ್ನೂ ಕೊಡಬಹುದು. ಹಳೆ ಸಿನಿಮಾ ಟಿಕೆಟ್ಟಿನಂಥ ಪೆಟ್ಟಿಗೆ ಬೇಕಾದರೆ ಎರಡು ಸಾಲು ಸಾಕು.

ಸೈಟ್ ಮುಗಿಸಿ ಅಣ್ಣನಿಗೆ ಲಿಂಕ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್.

"ಶೀರ್ಷಿಕೆ ಎರಡನೇ ಸಾಲಿಗೆ ಇಳಿದರೂ ಮೂಲೆ ಕಿತ್ತು ಬರಲ್ಲವಲ್ಲೋ. ಕನ್ನಡದಲ್ಲಿ ಉದ್ದ ಹೆಸರು ಹಾಕಿದ್ರೆ ನನ್ನದು ಒಡೆದು ಹೋಗ್ತಿತ್ತು. ಎಷ್ಟು ಚಿತ್ರ ಹಾಕಿದೀಯ?"

"ಒಂದೂ ಇಲ್ಲ ಅಣ್ಣ."

"ಬಣ್ಣ ಬದಲಾಯಿಸಿದ್ರೆ?"

"ಏನೂ ಆಗಲ್ಲ. ಮೂಲೆ ಹಾಗೇ ಇರುತ್ತೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಹೇಳಿದ: "ಹಾಗಾದ್ರೆ ಹಸಿರು ಮಾಡು ಮಾರಾಯ. ಹೆಡ್‌ಮಾಸ್ಟ್ರು ಅವತ್ತೇ ಹಸಿರು ಬೇಕು ಅಂದಿದ್ರು. ನಾನು ಅಷ್ಟೊತ್ತಿಗೆ ಹದಿನಾರೂ ನೀಲಿಯಲ್ಲಿ ಕತ್ತರಿಸಿ ಮುಗಿಸಿದ್ದೆ. ಕಂಪ್ಯೂಟರಲ್ಲಿ ಹಸಿರು ಚೆನ್ನಾಗಿ ಬರಲ್ಲ ಸಾರ್ ಅಂತ ಸುಳ್ಳು ಹೇಳಿದ್ದೆ."