ಮರಣ ಪ್ರಮಾಣಪತ್ರ (ಕರ್ನಾಟಕ)

ಮರಣ ಪ್ರಮಾಣಪತ್ರವೆಂದರೆ ಜನನ ಮರಣ ನೋಂದಣಿ ವಹಿಯಲ್ಲಿರುವ ಸಾವಿನ ನಮೂದನ್ನು ನೋಂದಣಾಧಿಕಾರಿ ದೃಢೀಕರಿಸಿ ಕೊಡುವ ಪ್ರತಿ. ಪೌತಿ ಖಾತೆ (ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು), ವಿಧವಾ ವೇತನ, ಕುಟುಂಬ ಪಿಂಚಣಿ, ವಿಮೆ, ಬ್ಯಾಂಕ್ ಠೇವಣಿ ಎಲ್ಲಕ್ಕೂ ಇದು ಬೇಕು. ಸಾವುಗಳ ಲೆಕ್ಕಕ್ಕೆಂದು ಶುರುವಾದ ದಾಖಲೆ ಕ್ರಮೇಣ ಉಳಿದವರ ಹಕ್ಕಿನ ಆಧಾರವಾಯಿತು.

ಆರಂಭ
19ನೆಯ ಶತಮಾನದಲ್ಲಿ ಕಾಲರಾ, ಸಿಡುಬು, ಬರಗಾಲಗಳ ನಡುವೆ ಎಲ್ಲಿ ಎಷ್ಟು ಜನ ಸತ್ತರೆಂಬ ಲೆಕ್ಕ ಬ್ರಿಟಿಷ್ ಆಡಳಿತಕ್ಕೆ ಬೇಕಾಗಿತ್ತು. 1886ರ ಕೇಂದ್ರ ಕಾಯ್ದೆ ಸ್ವಇಚ್ಛೆಯ ನೋಂದಣಿಗಷ್ಟೇ ಅವಕಾಶ ಕೊಟ್ಟಿತು. ಆಗ ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯ 1899ರಲ್ಲಿ ತನ್ನದೇ ಕಾಯ್ದೆ ತಂದಿತು. ಹೀಗೆ ಒಂದೊಂದು ಪ್ರದೇಶದಲ್ಲಿ ಒಂದೊಂದು ಕ್ರಮವಿದ್ದು, 1956ರಲ್ಲಿ ಕನ್ನಡ ನಾಡು ಒಂದಾದಾಗಲೂ ದೇಶಕ್ಕೆಲ್ಲ ಅನ್ವಯಿಸುವ ಕಡ್ಡಾಯ ಕಾನೂನು ಇರಲಿಲ್ಲ. ಹಳ್ಳಿಯ ಲೆಕ್ಕಪತ್ರ ವಂಶಪಾರಂಪರ್ಯ ಪಟೇಲ, ಶ್ಯಾನುಭೋಗರ ಕೈಯಲ್ಲಿತ್ತು. 1961ರ ಕಾಯ್ದೆಯಿಂದ ಆ ಹುದ್ದೆಗಳು ರದ್ದಾದವು. ಮುಂದೆ ಹಳ್ಳಿಗಳಲ್ಲಿ ನೋಂದಣಿಯ ಹೊಣೆ ಗ್ರಾಮ ಲೆಕ್ಕಿಗರ ಪಾಲಿಗೆ ಬಂತು.

1969ರ ಕಾಯ್ದೆ
ಜನನ ಮರಣ ನೋಂದಣಿ ಅಧಿನಿಯಮ, 1969 ನೋಂದಣಿಯನ್ನು ಕಡ್ಡಾಯಗೊಳಿಸಿತು. ಅದು 1970ರ ಏಪ್ರಿಲ್ 1ರಿಂದ ಬಹುತೇಕ ರಾಜ್ಯಗಳಲ್ಲಿ ಜಾರಿಗೆ ಬಂತು. 12ನೆಯ ಪ್ರಕರಣದಂತೆ ಮಾಹಿತಿ ಕೊಟ್ಟವರಿಗೆ ಮೊದಲ ಪ್ರತಿ ಉಚಿತ. 17ನೆಯ ಪ್ರಕರಣದಂತೆ ಯಾರೇ ಆಗಲಿ ಶುಲ್ಕ ಕಟ್ಟಿ ವಹಿಯಲ್ಲಿ ಹುಡುಕಿಸಿ ಪ್ರತಿ ಪಡೆಯಬಹುದು. ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಸಾವಿನ ಕಾರಣವನ್ನು ಮಾತ್ರ ಪ್ರತಿಯಲ್ಲಿ ಬಹಿರಂಗಪಡಿಸುವಂತಿಲ್ಲ. ಮೃತರ ಘನತೆ ಕಾಯುವ ಈ ನಿಯಮ ಕಾಯ್ದೆಯ ಬಹು ಮಾನವೀಯ ಅಂಶ.

ಸಾವು ಸಂಭವಿಸಿದ ಸ್ಥಳದಲ್ಲೇ ನೋಂದಣಿಯಾಗಬೇಕು. ಹಾಗಾಗಿ ರಾಯಚೂರಿನ ರೈತ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ನಮೂದು ಬೆಂಗಳೂರಿನಲ್ಲಿರುತ್ತದೆ. ಹೆಸರು ತಪ್ಪಾಗಿದ್ದರೂ ಮೂಲ ನಮೂದನ್ನು ಅಳಿಸುವಂತಿಲ್ಲ. ನೋಂದಣಾಧಿಕಾರಿ ವಹಿಯ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸುತ್ತಾರೆ. ಆಧಾರ್, ಪಹಣಿ, ಮರಣ ಪ್ರಮಾಣಪತ್ರಗಳಲ್ಲಿ ಹೆಸರು ಒಂದೊಂದು ರೀತಿಯಿದ್ದರೆ ಪೌತಿ ಖಾತೆ ಅಲ್ಲೇ ನಿಂತುಬಿಡುತ್ತದೆ. ಆಗ ಈ ಅಂಚಿನ ಒಂದು ಸಾಲಿಗಾಗಿ ಮನೆಯವರು ಕಚೇರಿಗೆ ಅಲೆಯಬೇಕಾಗುತ್ತದೆ.

ಇತ್ತೀಚಿನ ಬದಲಾವಣೆ
‘ಇ-ಜನ್ಮ’ ತಂತ್ರಾಂಶ ಬಂದ ಮೇಲೆ ಕರ್ನಾಟಕದಲ್ಲಿ ಕೈಬರಹದ ಪ್ರತಿಯ ಬದಲು ಡಿಜಿಟಲ್ ಸಹಿಯ ಪ್ರಮಾಣಪತ್ರ ಬಳಕೆಗೆ ಬಂತು. ಕೋವಿಡ್ ಕಾಲದಲ್ಲಿ ಪರಿಹಾರ ಪಡೆಯಲು ಸಾವಿನ ಕಾರಣವೇ ಮುಖ್ಯವಾಯಿತು. ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ನೀಡಿದ ಆದೇಶದ ಮೇರೆಗೆ ಕೇಂದ್ರ ಸರ್ಕಾರ ಕೋವಿಡ್ ಸಾವಿನ ಅಧಿಕೃತ ದಾಖಲೆಗಾಗಿ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಗಿ, ನೋಂದಣಿಯಾದ 7 ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕೆಂದು ವಿಧಿಸಿತು.

ಉಳಿದಿರುವ ತೊಡಕು
ವಹಿಯಲ್ಲಿ ನಮೂದಿದ್ದರೆ ಮಾತ್ರ ಪ್ರತಿ ಸಿಗುತ್ತದೆ. ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ವರ್ಷ ದಾಟಿದರೆ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು, 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಮನೆಯಲ್ಲೇ ತೀರಿಕೊಂಡು, ಎಲ್ಲೂ ದಾಖಲಾಗದೆ ಹೋದವರ ಜಮೀನು ಅವರ ಹೆಸರಿನಲ್ಲೇ ಉಳಿದು, ಮಕ್ಕಳಿಗೆ ಸಾಲವಾಗಲಿ ಬೆಳೆ ಪರಿಹಾರವಾಗಲಿ ಸಿಗುವುದು ಕಷ್ಟವಾಗುತ್ತದೆ. ಆದ್ದರಿಂದ ಸಕಾಲದ ನೋಂದಣಿ ಉತ್ತರಕ್ರಿಯೆಯಷ್ಟೇ ಮುಖ್ಯವಾದ ಕರ್ತವ್ಯ.