ವಸ್ತಾದರಿಂದ ಕೋಚ್‌ವರೆಗೆ: ಕುಸ್ತಿ ಗುರುಗಳು ನಡೆದ ದಾರಿ

2023ರ ಮಾರ್ಚ್‌ನಲ್ಲಿ ಸಾಂಗ್ಲಿಯಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ಪಂದ್ಯಾವಳಿ ನಡೆಯಿತು. ವಿಜೇತರಿಗೆ ಕೊಡುವ ಗದೆ ಸಾಂಗ್ಲಿಯ ಪ್ರತೀಕ್ಷಾ ಬಾಗಡಿ ಅವರ ಪಾಲಾಯಿತು. ಫೈನಲ್‌ನಲ್ಲಿ ಅವರಿಗೆ ಎದುರಾಳಿಯಾಗಿದ್ದವರು ಕಲ್ಯಾಣದ ವೈಷ್ಣವಿ ಪಾಟೀಲ್. ಎರಡು ವರ್ಷ ಕಳೆದ ಮೇಲೆ ಅದೇ ವೈಷ್ಣವಿ ಜಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ 65 ಕೆ.ಜಿ. ವಿಭಾಗದಲ್ಲಿ ಭಾರತ ತಂಡ ಸೇರಿದರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂದರೆ ಲೋಕಲ್ ರೈಲು, ಕಾರ್ಖಾನೆ, ಬಹುಮಹಡಿ ಕಟ್ಟಡಗಳಷ್ಟೇ ಎಂದುಕೊಂಡವರಿಗೆ ಇದು ಅಚ್ಚರಿ. ಆದರೆ ಈ ಸೀಮೆಯ ಆಗ್ರಿ ಸಮುದಾಯದ ಊರುಗಳ ಜಾತ್ರೆಗಳಲ್ಲಿ ಕುಸ್ತಿಯ ಕಣ ಇವತ್ತಿಗೂ ತುಂಬುತ್ತದೆ.

ಇಂಥ ಕಣಕ್ಕೆ ಹುಡುಗರನ್ನು ಪಳಗಿಸುವ ಹಳೆಯ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಗುರು ಎಂದರೆ ವಸ್ತಾದರು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಕಣ ಹದ ಮಾಡಿಸುವುದರಿಂದ ಹಿಡಿದು ಹುಡುಗರ ದಂಡ-ಬೈಠಕ್, ಊಟ, ನಿದ್ದೆ, ಜೋಡಿ ಕಟ್ಟುವುದರವರೆಗೆ ಎಲ್ಲವೂ ಅವರ ಹೊಣೆ. ಈ ಪರಂಪರೆಗೆ ಕೊಲ್ಲಾಪುರದ ಶಾಹು ಮಹಾರಾಜರು ದೊಡ್ಡ ಆಸರೆಯಾದರು. ಅವರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ಗಡಿಯಾಚೆಯ ಕನ್ನಡ ಸೀಮೆಗೂ ಕೊಲ್ಲಾಪುರವೇ ಗುರುಮನೆ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ, ಪಳಗಿದ್ದು ಕೊಲ್ಲಾಪುರದ ತಾಲೀಮಿನಲ್ಲಿ.

ಮಣ್ಣಿನ ವಿದ್ಯೆಯೊಂದೇ ಸಾಲದು ಎಂಬುದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಗೊತ್ತಾಯಿತು. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ ಢಾಕ್ ಪಟ್ಟಿನಲ್ಲಿ ಎತ್ತಿದ ಕೈ. ಜಪಾನಿನ ಇಶಿಯಿ ಜೊತೆ ದೀರ್ಘವಾಗಿ ಸೆಣಸಿ ದಣಿದಿದ್ದ ಅವರನ್ನು ಕೂಡಲೇ ಸೋವಿಯತ್ ಪಟುವಿನ ಎದುರು ಇಳಿಯುವಂತೆ ಕರೆದರು. ಎರಡು ಪಂದ್ಯಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತದ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ. ಜಾಧವ್ ಸೋತರು, ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಒಬ್ಬ ವ್ಯಕ್ತಿ ಗೆದ್ದುಕೊಟ್ಟ ಮೊದಲ ಪದಕ ಅದು. ಪದಕದ ಬಣ್ಣ ಬೇರೆಯೂ ಆಗಬಹುದಿತ್ತು.

ತರಬೇತಿ ಒಂದು ವೃತ್ತಿಯಾಗಿ ರೂಪುಗೊಂಡದ್ದು ಆಮೇಲೆ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಗಿ, ಕೋಚ್ ಆಗಲು ಡಿಪ್ಲೊಮಾದ ದಾರಿ ತೆರೆಯಿತು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಅದನ್ನು ಪಡೆದ ಮೊದಲಿಗರಲ್ಲಿ ಕುಸ್ತಿಯ ಭಾಲಚಂದ್ರ ಭಾಸ್ಕರ ಭಾಗವತ್ ಇದ್ದರು. 1987ರಲ್ಲಿ ದೆಹಲಿಯ ಗುರು ಹನುಮಾನ್ ಅವರಿಗೂ ಅದೇ ಗೌರವ ಸಂದಿತು.

ಆದರೂ ಗುರು-ಶಿಷ್ಯ ಪರಂಪರೆ ಕಡಿಯಲಿಲ್ಲ. ಪುಣೆಯಲ್ಲಿ ಹರಿಶ್ಚಂದ್ರ ಬಿರಾಜದಾರ್ ಬಳಿ ಕಲಿತ ಕಾಕಾ ಪವಾರ್ ತಾವೇ ಕೋಚ್ ಆದರು. ಅವರ ಶಿಷ್ಯ ರಾಹುಲ್ ಆವಾರೆ 2019ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದರು. ಇತ್ತ ಮುಂಬಯಿಯ ಕಾಂದಿವಲಿಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಜಗಮಾಲ್ ಸಿಂಗ್ ಪಳಗಿಸಿದ ನರಸಿಂಗ್ ಯಾದವ್ ಸತತ ಮೂರು ಬಾರಿ ಮಹಾರಾಷ್ಟ್ರ ಕೇಸರಿಯಾದರು. ಈ ಸ್ಪರ್ಧೆಯಲ್ಲಿ ಮಣ್ಣಿನ ವಿಭಾಗದಲ್ಲಿ ಗೆದ್ದವರೂ ಗಾದಿ (ಮ್ಯಾಟ್) ವಿಭಾಗದಲ್ಲಿ ಗೆದ್ದವರೂ ಕೊನೆಗೆ ಗದೆಗಾಗಿ ಸೆಣಸುತ್ತಾರೆ. ಹಾಗಾಗಿ ಇಲ್ಲಿನ ಕೋಚ್‌ಗೆ ಎರಡೂ ವಿದ್ಯೆ ಗೊತ್ತಿರಲೇಬೇಕು.

ಇಂದು ಪಂದ್ಯವೆಂದರೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು. ಅಷ್ಟರೊಳಗೆ ಕೋಚ್ ನೀರು ಕೊಟ್ಟು, ಬೆವರು ಒರೆಸಿ, ಮುಂದಿನ ಪಟ್ಟು ಹೇಳಬೇಕು. ತೀರ್ಪು ತಪ್ಪೆನಿಸಿದರೆ ಕೈಲಿರುವ ಮೆತ್ತನೆಯ ತುಂಡನ್ನು ಮ್ಯಾಟಿಗೆ ಎಸೆದು ವಿಡಿಯೊ ಮರುಪರಿಶೀಲನೆ ಕೇಳಬಹುದು. ಸವಾಲು ಸೋತರೆ ಎದುರಾಳಿಗೆ ಒಂದು ಅಂಕ. ಒಂದೇ ಅಂಕದಲ್ಲಿ ಪದಕ ಕೈತಪ್ಪುವ ಆಟದಲ್ಲಿ ಈ ನಿರ್ಧಾರಕ್ಕೆ ನಿಯಮದ ಅರಿವೂ ಎದೆಗಾರಿಕೆಯೂ ಬೇಕು.

ಆಟವನ್ನು ಮುನ್ನಡೆಸುವವರ ಹೊಣೆ ಇನ್ನೂ ದೊಡ್ಡದು. 2023ರಲ್ಲಿ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ರಾಷ್ಟ್ರೀಯ ಕುಸ್ತಿ ಫೆಡರೇಷನ್‌ನ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ, ಸಕಾಲಕ್ಕೆ ಚುನಾವಣೆ ನಡೆಸದ ಕಾರಣಕ್ಕೆ, ಕುಸ್ತಿಯ ಜಾಗತಿಕ ಸಂಸ್ಥೆ ಈ ಫೆಡರೇಷನ್ನನ್ನು ಅಮಾನತು ಮಾಡಿತು. ಇದನ್ನೆಲ್ಲ ಕಂಡ ಮೇಲೆ, ಮಗಳನ್ನು ತಾಲೀಮಿಗೆ ಕಳಿಸುವ ತಂದೆತಾಯಿ ಮೊದಲು ಕೇಳುವುದು ಪದಕದ ಮಾತನ್ನಲ್ಲ, ಸುರಕ್ಷತೆಯ ಮಾತನ್ನು.

ಕಲ್ಯಾಣದ ಸೀಮೆಯಿಂದ ವಿಶ್ವಮಟ್ಟದ ಕುಸ್ತಿಪಟು ಬಂದಾಯಿತು. ಅವರ ಹಿಂದೆ ಬರುವ ಹುಡುಗಿಯರಿಗಾಗಿ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮಹಾನಗರ ಪಾಲಿಕೆಗಳು ಮ್ಯಾಟಿನ ಜೊತೆಗೆ ಖಾಯಂ ಸಂಬಳದ ಮಹಿಳಾ ಕೋಚ್ ಹುದ್ದೆಗಳಿಗೂ ತಮ್ಮ ಬಜೆಟ್‌ನಲ್ಲಿ ಹಣ ತೆಗೆದಿಡಬೇಕು.